ಬಣವಿಯ ಬುಡದ ಅತಿಥಿ

ಗದಗಿನಿಂದ ಬಾದಾಮಿಯತ್ತ ಸಾಗುವ ರೈಲುಗಾಡಿ ಹೊಳೆಆಲೂರಿನ ನಿಲ್ದಾಣದಲ್ಲಿ ನಿಂತಾಗ ಪ್ರಯಾಣಿಕನ ಕಣ್ಣಿಗೆ ಮೊದಲು ಬೀಳುವುದು ಎರೆಯ ಬಯಲು; ಅನಂತರ ಬಣವಿಗಳು. ಹಿಂಗಾರಿಯ ಜೋಳವನ್ನು ಕೊಯ್ದು, ತೆನೆ ಮುರಿದು, ಕಣಕಿಯ ಸಿವುಡುಗಳನ್ನು ಮನೆಯ ಹಿತ್ತಿಲಿಗೆ ತಂದು ಒಟ್ಟಿದ ಆ ಬಣವಿಗಳು ಒಕ್ಕಲುತನದ ಮನೆಗೆ ಕಳಸವಿದ್ದಂತೆ. ಬಣವಿ ದೊಡ್ಡದಿದ್ದಷ್ಟೂ ಮನೆತನ ದೊಡ್ಡದು ಎಂಬ ಲೆಕ್ಕ ಈ ಸೀಮೆಯಲ್ಲಿ ಇನ್ನೂ ಪೂರ್ತಿಯಾಗಿ ಅಳಿದಿಲ್ಲ. ಅದರ ನೆರಳಿನಲ್ಲಿ ಎಮ್ಮೆಯ ಕರು, ಮಗ್ಗುಲಲ್ಲಿ ಕೋಳಿಯ ಗೂಡು, ಬುಡದಲ್ಲಿ ಗೂಟ ಹೊಡೆದು ಕಟ್ಟಿದ ನಾಯಿ. ಅದೇ ಬುಡದಲ್ಲಿ, ಯಾರೂ ಕರೆಯದೆ ಬಂದು ಯಾರ ಅಪ್ಪಣೆಯನ್ನೂ ಕೇಳದೆ ನೆಲೆಸಿರುವ ಇನ್ನೊಬ್ಬ ಅತಿಥಿಯೂ ಉಂಟು. ಕತ್ತಲಾದ ಮೇಲೆ ಅವನ ಹೆಸರನ್ನು ಹಿರಿಯರು ಬಾಯಿಬಿಟ್ಟು ಹೇಳರು; ‘ಹುಳ’ ಎಂದಷ್ಟೇ ಅಂದು ಸುಮ್ಮನಾಗುತ್ತಾರೆ.

ಪಟ್ಟಣದವರು ನಾಯಿಗೆ ಬೇರೆ ಮನೆ ಕಟ್ಟಿಸುತ್ತಾರೆ, ಬೆಕ್ಕಿಗೆ ಹಾಸಿಗೆ ಹಾಸುತ್ತಾರೆ, ಸಾಕುಪ್ರಾಣಿಗಳು ಆಡುವುದಕ್ಕೆಂದು ಹಸಿರು ಹುಲ್ಲಿನ ಅಂಗಳವನ್ನು ಬೇಲಿ ಹಾಕಿ ಕಾಯುತ್ತಾರೆ. ಅಲ್ಲಿಗೆ ಹಾವು ಬಾರದಂತೆ ಏನು ಮಾಡಬೇಕೆಂದು ಅವರು ಕೇಳಿದರೆ ಅಂಗಡಿಯವನು ಒಂದು ಡಬ್ಬಿಯನ್ನೋ ಒಂದು ಸೀಸೆಯನ್ನೋ ಕೈಗೆ ಕೊಟ್ಟು ಕಳುಹಿಸುತ್ತಾನೆ. ಮಲಪ್ರಭೆಯ ದಂಡೆಯ ಊರುಗಳಲ್ಲಿ ಪ್ರಶ್ನೆ ಇಷ್ಟು ಸುಲಭವಾಗಿಲ್ಲ. ಇಲ್ಲಿ ಸಾಕುಪ್ರಾಣಿಯ ಅಂಗಳವೆಂದರೆ ಮನೆಯ ಹಿತ್ತಿಲೇ. ಹಿತ್ತಿಲೆಂದರೆ ಬೇಸಿಗೆಯ ರಾತ್ರಿ ಮಕ್ಕಳುಮರಿಗಳೊಂದಿಗೆ ಮನೆಯವರೆಲ್ಲ ಮಲಗುವ ತಾವು. ನಾಯಿಯನ್ನು ಕಡಿದ ಹಾವಿಗೂ ಮಲಗಿದವರ ಹೊದಿಕೆಗೂ ನಡುವೆ ನಾಲ್ಕು ಮಾರು ಅಂತರವಿರುತ್ತದೆ, ಅಷ್ಟೆ. ಆದುದರಿಂದ ನಾಯಿಗೆ ಕಾವಲು ಹೇಗೆ ಎಂದು ವಿಚಾರಿಸುವುದು ಮನೆಗೆ ಕಾವಲು ಹೇಗೆ ಎಂದು ವಿಚಾರಿಸಿದಂತೆಯೇ.

ಹಾವು ನಾಯಿಯನ್ನು ಹುಡುಕಿಕೊಂಡು ಬರುವುದಿಲ್ಲ. ಕರುವನ್ನಾಗಲಿ ಬೆಕ್ಕನ್ನಾಗಲಿ ನುಂಗುವ ಹಾವು ಈ ಎರೆಯ ಸೀಮೆಯ ಹಿತ್ತಿಲಲ್ಲಿ ಇಲ್ಲ. ಅದು ಬರುವುದು ಇಲಿಗಾಗಿ, ಕಪ್ಪೆಗಾಗಿ, ಕೋಳಿಯ ಮೊಟ್ಟೆ ಮರಿಗಳಿಗಾಗಿ, ಬಿಸಿಲಿನಲ್ಲಿ ತಂಪಿಗಾಗಿ, ಮಳೆಯಲ್ಲಿ ಒಣ ನೆಲಕ್ಕಾಗಿ. ಇವುಗಳಲ್ಲಿ ಯಾವುದನ್ನು ನಾವು ಅದಕ್ಕೆ ಒದಗಿಸಿಲ್ಲ? ಹೊಳೆಆಲೂರಿನ ಹಳೆಯ ಮನೆಯೊಂದರ ಹಿತ್ತಿಲನ್ನು ಹಾವಿನ ಕಣ್ಣಿನಿಂದ ಒಮ್ಮೆ ನೋಡಬೇಕು. ಒಂದು ಮೂಲೆಗೆ ಕುಳ್ಳಿನ ಒಟ್ಟಿಲು, ಅದರ ಪಕ್ಕಕ್ಕೆ ಹತ್ತಿಕಟ್ಟಿಗೆಯ ಹೊರೆ, ಆಚೆಗೆ ಮುರಿದ ಬಂಡಿಯ ಗಾಲಿ, ಹಳೆಯ ಹಂಚು, ಮನೆ ಕಟ್ಟಿದಾಗ ಉಳಿದ ಕಲ್ಲು. ಮಣ್ಣಿನ ಗೋಡೆಯ ಅಡಿಗಲ್ಲುಗಳ ಸಂದಿಯಲ್ಲಿ ಹೆಗ್ಗಣ ತೋಡಿದ ಬಿಲ. ಬಾವಿಯ ಅಥವಾ ನಳದ ಹತ್ತಿರ ಸದಾ ನಿಂತ ನೀರು, ಆ ನೀರಿನಲ್ಲಿ ಕಪ್ಪೆ. ಇವೆಲ್ಲಕ್ಕೂ ಮಿಗಿಲಾಗಿ ಬಣವಿ. ಹೊರಗೆ ನಲವತ್ತು ಡಿಗ್ರಿಯ ಬಿಸಿಲು ಕಾಯುತ್ತಿರುವಾಗ ಅದರ ಬುಡ ತಂಪಾಗಿರುತ್ತದೆ; ಹೊರಗೆ ಮಳೆ ಹೊಯ್ಯುವಾಗ ಅದು ಬೆಚ್ಚಗಿರುತ್ತದೆ; ಕಣಕಿಯಲ್ಲಿ ಉಳಿದ ಕಾಳಿಗೆ ಇಲಿ ತಾನಾಗಿಯೇ ಬಂದು ಮರಿ ಹಾಕುತ್ತದೆ. ಇಷ್ಟೊಂದು ಅನುಕೂಲಗಳುಳ್ಳ ಛತ್ರವನ್ನು ಕಟ್ಟಿಟ್ಟು ಅದರ ಬಾಗಿಲಿಗೆ ನಾಯಿಯನ್ನು ಸರಪಳಿಯಿಂದ ಬಿಗಿದು, ‘ಹಾವು ಬಂತಲ್ಲ’ ಎಂದು ಬೆರಗಾಗುವುದರಲ್ಲಿ ಅರ್ಥವಿಲ್ಲ.

ಹಿಂದೆ ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ನೆಲದೊಳಗೆ ಆಳವಾಗಿ ತೋಡಿ, ಒಳಗೆ ಹೊಟ್ಟು ಕಣಕಿ ಹಾಸಿ, ಕಾಳು ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದ ಹಗೇವಿನೊಳಗೆ ಗಾಳಿ ಆಡದು. ಆದುದರಿಂದ ಹುಳುವಿಗೂ ಇಲಿಗೂ ಅಲ್ಲಿ ಬದುಕು ಕಷ್ಟ. ಈಗ ಹಗೇವುಗಳು ಬರಿದಾಗಿವೆ. ಕಾಳು ಚೀಲ ತುಂಬಿ ಪಡಸಾಲೆಗೆ ಬಂದಿದೆ, ಚೀಲದ ಹಿಂದೆ ಇಲಿ ಬಂದಿದೆ. ಬರಿದಾಗಿ ಬಾಯಿ ತೆರೆದುಕೊಂಡು ಬಿದ್ದ ಹಗೇವು ಸ್ವತಃ ಹಾವಿನ ಮನೆಯಾಗಿದೆ. ಹಳೆಯದೆಲ್ಲ ಒಳ್ಳೆಯದೆಂದು ಹೇಳುವ ಚಪಲ ನನಗಿಲ್ಲ. ಹಗೇವಿಗೆ ಇಳಿದು ಉಸಿರುಕಟ್ಟಿ ಸತ್ತವರೂ ಉಂಟು. ಆದರೆ ಬಳಸದ ಹಗೇವನ್ನು ಮಣ್ಣು ತುಂಬಿ ಮುಚ್ಚುವುದಕ್ಕೆ ಒಂದು ದಿನದ ಕೆಲಸ ಸಾಕು.

ಎರೆಯ ನೆಲದ ಸ್ವಭಾವವನ್ನೂ ಇಲ್ಲಿ ನೆನೆಯಬೇಕು. ಚೈತ್ರ ವೈಶಾಖಗಳಲ್ಲಿ ಈ ಮಣ್ಣು ಬಿರಿದು, ಕೈ ಮುಳುಗುವಷ್ಟು ಅಗಲದ, ಆಳವೆಷ್ಟೆಂದು ತಿಳಿಯದ ಬಿರುಕುಗಳು ಹೊಲದ ತುಂಬ ಹರಡುತ್ತವೆ. ಹಾವು, ಚೇಳು, ಇಲಿ ಎಲ್ಲವೂ ಬೇಸಿಗೆಯನ್ನು ಅಲ್ಲಿ ಕಳೆಯುತ್ತವೆ. ಮೊದಲ ಮಳೆ ಬಿದ್ದೊಡನೆ ಮಣ್ಣು ಉಬ್ಬಿ ಬಿರುಕುಗಳು ಮುಚ್ಚಿಕೊಳ್ಳತೊಡಗುತ್ತವೆ, ಬಿಲಗಳಿಗೆ ನೀರು ನುಗ್ಗುತ್ತದೆ, ಒಳಗಿದ್ದವುಗಳು ಹೊರಬೀಳುತ್ತವೆ. ನಾಗರಹಾವಿನ ಮೊಟ್ಟೆಯೊಡೆದು ಮರಿಗಳು ಹೊರಬರುವುದೂ, ಮೊಟ್ಟೆಯಿಡದೆ ಮರಿಯನ್ನೇ ಹೆರುವ ಕೊಳಕುಮಂಡಲವು ಒಂದೇ ಸಲಕ್ಕೆ ಹತ್ತಾರು ಮರಿ ಹಾಕುವುದೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ. ಗೇಣುದ್ದದ ಆ ಮರಿಗೂ ಹುಟ್ಟಿದ ಗಳಿಗೆಯಿಂದಲೇ ವಿಷವುಂಟು. ನಾಯಿಮರಿಗೆ ಅದು ಆಟದ ಹುಳುವಿನಂತೆ ಕಾಣುತ್ತದೆ.

ಹೊಳೆ ಬಂದಾಗಿನ ಮಾತು ಬೇರೆಯೇ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿಯ ಹತ್ತಿರ ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತು, ಅಲ್ಲಿಂದ ಬಿಟ್ಟಷ್ಟು ನೀರಿನೊಂದಿಗೆ ಇತ್ತ ಹರಿದುಬರುವ ಮಲಪ್ರಭೆ ಹೆಚ್ಚಿನ ವರ್ಷಗಳಲ್ಲಿ ಸಾಧು ಹೊಳೆ. ಆದರೆ ಅಣೆಕಟ್ಟು ತುಂಬಿ ಬಾಗಿಲು ತೆರೆದಾಗ, ಅದೇ ಹೊತ್ತಿಗೆ ಬೆಣ್ಣಿಹಳ್ಳವೂ ಉಕ್ಕಿ ಬಂದರೆ, ದಂಡೆಯ ಊರುಗಳಿಗೆ ದಿಕ್ಕಿಲ್ಲ. ೨೦೦೯ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕವನ್ನೆಲ್ಲ ಮುಳುಗಿಸಿದ ಮಳೆಯಲ್ಲೂ, ೨೦೧೯ರ ಆಗಸ್ಟಿನ ನೆರೆಯಲ್ಲೂ ಹೊಳೆಆಲೂರು, ಮೆಣಸಗಿ, ಹೊಳೆಮಣ್ಣೂರು, ನರಗುಂದದ ಕಡೆಯ ಕೊಣ್ಣೂರು ಮುಂತಾದ ಊರುಗಳವರು ಇದನ್ನು ಕಂಡುಂಡಿದ್ದಾರೆ. ನೀರು ಏರಿದಾಗ ಮನುಷ್ಯ ಎತ್ತರದ ತಾವನ್ನು ಹುಡುಕುತ್ತಾನೆ. ಹಾವೂ ಅದನ್ನೇ ಹುಡುಕುತ್ತದೆ. ಮನೆಯ ಕಟ್ಟೆ, ಮಾಳಿಗೆಯ ಕುಂಬಿ, ಮರದ ಕವಲು, ಮುಳುಗದೆ ಉಳಿದ ಬಣವಿಯ ನೆತ್ತಿ, ಇವುಗಳ ಮೇಲೆ ನಾಯಿ ಬೆಕ್ಕು ಇಲಿ ಹಾವುಗಳು ಒಂದೇ ಹಡಗಿನ ಪ್ರಯಾಣಿಕರಂತೆ ಸೇರಿಕೊಳ್ಳುತ್ತವೆ. ನೀರು ಇಳಿದ ಮೇಲಿನ ವಾರಗಳು ಇನ್ನೂ ಕಠಿಣ. ಕುಸಿದ ಗೋಡೆಗಳ ಮಣ್ಣಿನ ಗುಡ್ಡೆ, ಕೊಳೆತ ಮೇವು, ಎಲ್ಲಿಂದಲೋ ತೇಲಿಬಂದ ಕಸದ ರಾಶಿ. ಅವುಗಳ ನಡುವೆ ಯಜಮಾನನನ್ನು ಹುಡುಕುತ್ತ ಮೂಸಿಕೊಂಡು ತಿರುಗುವ ನಾಯಿ. ನೆರೆ ಬಂದಾಗ ಗಡಿಬಿಡಿಯಲ್ಲಿ ಬಿಚ್ಚದೆ ಬಿಟ್ಟ ಸರಪಳಿಯ ವಿಷಯವನ್ನು ಹೇಳದಿರುವುದೇ ಮೇಲು.

ಎಲ್ಲ ಹಾವುಗಳೂ ಒಂದೇ ಅಲ್ಲವೆಂಬುದು ಹಳ್ಳಿಯವರಿಗೆ ಯಾರೂ ಹೇಳಿಕೊಡಬೇಕಾದುದಿಲ್ಲ. ಆದರೂ ಕತ್ತಲೆಯಲ್ಲಿ ಕೋಲು ಎತ್ತುವಾಗ ಈ ಭೇದ ಮರೆತುಹೋಗುತ್ತದೆ. ಹಿತ್ತಿಲಿನಲ್ಲಿ ಮೇಲಿಂದ ಮೇಲೆ ಕಾಣುವ ಉದ್ದನೆಯ ಕೇರೆಹಾವಿಗೆ ವಿಷವಿಲ್ಲ. ಒಕ್ಕಲಿಗನ ಕೂಲಿಯಿಲ್ಲದ ಆಳು ಅದು. ನೀರುಹಾವು ಸಿಡುಕಿನದು, ಕಚ್ಚಲೂಬಹುದು, ಆದರೆ ಅಪಾಯವಿಲ್ಲ. ‘ಎರಡು ತಲೆಯ ಹಾವು’ ಎಂದು ಹೆಸರುಗೊಂಡು ಕಳ್ಳವ್ಯಾಪಾರಕ್ಕೆ ತುತ್ತಾಗಿರುವ ಇಮ್ಮಂಡೆ ಹಾವಂತೂ ಬಡಪಾಯಿ. ಅಂಜಬೇಕಾದವು ನಾಲ್ಕು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಇವುಗಳಲ್ಲಿ ನಾಗರಹಾವು ಹೆಡೆಯೆತ್ತಿ, ಕೊಳಕುಮಂಡಲ ಬುಸುಗುಟ್ಟಿ, ಗರಗಸಮಂಡಲ ಮೈಯ ಹುರುಪೆಗಳನ್ನು ಒಂದಕ್ಕೊಂದು ಉಜ್ಜಿ ಗರಗಸದ ಸದ್ದು ಮಾಡಿ ಮೊದಲು ಎಚ್ಚರಿಕೆ ಕೊಡುತ್ತವೆ. ಕಟ್ಟುಹಾವಿಗೆ ಆ ಸೌಜನ್ಯವಿಲ್ಲ. ಅದು ರಾತ್ರಿಯ ಜೀವಿ, ಹಗಲಿಡೀ ಮಂದ. ಇರುಳಿನಲ್ಲಿ ಮನೆಯೊಳಗೆ ಬಂದು ನೆಲದ ಮೇಲೆ ಮಲಗಿದವರ ಮಗ್ಗುಲಿಗೆ ಸರಿಯುತ್ತದೆ. ಕಡಿದರೆ ನೋವೂ ಹೆಚ್ಚಾಗದು, ಬಾವೂ ಬಾರದು. ಬೆಳಗಿನ ಜಾವಕ್ಕೆ ಹೊಟ್ಟೆನೋವು, ಜೋಲುವ ಕಣ್ಣುರೆಪ್ಪೆ, ಆಮೇಲೆ ಉಸಿರಿನ ತೊಡಕು. ಇರುಳೆಲ್ಲ ಒಂದೇ ಸಮನೆ ಬೊಗಳಿದ ನಾಯಿಯನ್ನು ಗದರಿಸಿ ಮಲಗಿಸಿದ ಮನೆಗಳಲ್ಲಿ ಅನಾಹುತವಾಗಿರುವುದುಂಟು.

ನಾಯಿಯ ಬೊಗಳಿಕೆಗೆ ಬೆಲೆಯಿರುವುದೇ ಇಲ್ಲಿ. ಹಾವನ್ನು ಕಂಡಾಗ ಅದು ಹಿಂದಕ್ಕೂ ಮುಂದಕ್ಕೂ ನೆಗೆಯುತ್ತ ಒಂದೇ ಕಡೆಗೆ ಮುಖ ಮಾಡಿ ಬೊಗಳುವ ರೀತಿಯನ್ನು ಮನೆಯವರು ಗುರುತಿಸಬಲ್ಲರು. ಆದರೆ ಮುಂಗುಸಿಗಿರುವ ಕವಚ ನಾಯಿಗಿಲ್ಲ. ಮುಂಗುಸಿಯ ನರ ಮತ್ತು ಸ್ನಾಯುಗಳು ಕೂಡುವೆಡೆಯಲ್ಲಿ ನಾಗರಹಾವಿನ ವಿಷ ಅಂಟಿಕೊಳ್ಳಲಾರದಂತಹ ರಚನೆಯೊಂದು ಸೃಷ್ಟಿಯಿಂದಲೇ ಬಂದಿದೆ. ನಾಯಿ ತನ್ನ ಮೂತಿಯನ್ನು ಮುಂದಿಟ್ಟುಕೊಂಡು ಶೋಧಿಸುವ ಪ್ರಾಣಿಯಾದುದರಿಂದ ಕಡಿತ ಹೆಚ್ಚಾಗಿ ಮೂತಿಗೋ ಮುಂಗಾಲಿಗೋ ಬೀಳುತ್ತದೆ. ಪಂಚತಂತ್ರದಲ್ಲಿ ತೊಟ್ಟಿಲ ಮಗುವನ್ನು ಕಾಯ್ದ ಮುಂಗುಸಿಯ ಕಥೆಯನ್ನು ಅರಿಯದವರಿಲ್ಲ. ಪಂಚತಂತ್ರವನ್ನು ಹನ್ನೊಂದನೆಯ ಶತಮಾನದಲ್ಲಿ ಕನ್ನಡಕ್ಕೆ ತಂದ ದುರ್ಗಸಿಂಹನ ಊರು ರೋಣ ತಾಲ್ಲೂಕಿನ ಸವಡಿಯೆಂದು ವಿದ್ವಾಂಸರು ಹೇಳುತ್ತಾರೆ, ಎಂದರೆ ಇದೇ ಎರೆಯ ಸೀಮೆ. ಹಾವಿನ ನೆರೆಯಲ್ಲಿ ಬಾಳುವ ಜನಕ್ಕೆ ಆ ಕಥೆ ಬರಿಯ ನೀತಿಯ ಮಾತಾಗಿ ಕೇಳಿಸಿರಲಾರದು. ಬೆಕ್ಕಿನದು ಮತ್ತೊಂದು ತೊಡಕು. ಅದರ ಚುರುಕಿಗೆ ಹಾವು ಸುಲಭವಾಗಿ ಎಟುಕದು ನಿಜ. ಆದರೆ ಅರೆಜೀವ ಮಾಡಿದ ಮರಿಯನ್ನು ಕಚ್ಚಿ ತಂದು ಅಡಿಗೆಮನೆಯ ನಡುವೆ ಇಟ್ಟು ಮೆಚ್ಚುಗೆಗಾಗಿ ಕಾಯುವ ಅಭ್ಯಾಸ ಅದಕ್ಕುಂಟು.

ಇನ್ನು ಉಪಾಯಗಳ ವಿಚಾರ. ಹಾವನ್ನು ಓಡಿಸುವುದಕ್ಕೆ ಜಗತ್ತಿನಲ್ಲಿ ಎಷ್ಟು ಪದಾರ್ಥಗಳನ್ನು ಚೆಲ್ಲಿದ್ದಾರೆಂಬುದನ್ನು ಲೆಕ್ಕ ಹಾಕಿದರೆ ಒಂದು ಕಿರಾಣಿ ಅಂಗಡಿಯೇ ಆದೀತು. ಬೆಳ್ಳುಳ್ಳಿ ಅರೆದ ನೀರು, ಇಂಗು, ಸುಣ್ಣದ ಗೆರೆ, ಉಪ್ಪು, ಗಂಧಕದ ಪುಡಿ, ಫಿನಾಯಿಲ್, ಸೀಮೆಎಣ್ಣೆ, ಡಾಂಬರಿನ ಗುಳಿಗೆ. ಅಂಗಳದಲ್ಲಿ ನೆಟ್ಟ ಈಶ್ವರಿಬಳ್ಳಿ, ಸರ್ಪಗಂಧಿ. ಈಚೆಗೆ ಬಿಸಿಲಿನ ಶಕ್ತಿಯಿಂದ ನೆಲವನ್ನು ಅಲುಗಿಸುವುದೆಂದು ಮಾರುವ ಗೂಟ. ಇವುಗಳಲ್ಲಿ ಯಾವುದನ್ನಾದರೂ ನೆಚ್ಚಿ ನಾಯಿಯನ್ನು ಕಟ್ಟಿ ಮಲಗುವಂತಿಲ್ಲ. ಗಂಧಕವನ್ನೂ ಡಾಂಬರಿನ ಗುಳಿಗೆಯ ಪುಡಿಯನ್ನೂ ಬೆರೆಸಿ ಮಾರುವ ಮದ್ದನ್ನು ಅಮೆರಿಕದಲ್ಲಿ ಪರೀಕ್ಷೆ ಮಾಡಿದಾಗ ಹಾವುಗಳು ಅದರ ಗೆರೆಯನ್ನು ಲೆಕ್ಕಿಸದೆ ದಾಟಿ ಹೋದವು. ಮೇಲಾಗಿ ಡಾಂಬರಿನ ಗುಳಿಗೆಯನ್ನು ನುಂಗಿದ ನಾಯಿಯ ರಕ್ತ ಕೆಡುತ್ತದೆ. ಫಿನಾಯಿಲ್ ತುಳಿದು ಪಾದ ನೆಕ್ಕಿದ ಬೆಕ್ಕಿಗೆ ಆ ವಿಷವನ್ನು ಜೀರ್ಣಿಸುವ ಶಕ್ತಿ ಯಕೃತ್ತಿನಲ್ಲಿಯೇ ಇಲ್ಲ. ಹಾವಿನಿಂದ ಕಾಯುವೆವೆಂದು ಹೊರಟು ಹಾವಿಗಿಂತ ಮೊದಲು ನಾವೇ ವಿಷವಿಕ್ಕಿದಂತಾಗುತ್ತದೆ. ಇಲಿಪಾಷಾಣದ ಮಾತೂ ಅಷ್ಟೆ. ಪಾಷಾಣ ತಿಂದು ಅಂಗಳದಲ್ಲಿ ಬಿದ್ದ ಇಲಿಯನ್ನು ಎತ್ತಿಕೊಳ್ಳುವುದು ಮೊದಲು ಬೆಕ್ಕು, ಆಮೇಲೆ ಗೂಗೆ.

ಕೇರೆಯನ್ನು ಕೊಲ್ಲುವುದು ಇನ್ನೊಂದು ಹುಚ್ಚು. ಹೆಗ್ಗಣ ಮತ್ತು ಇಲಿಗಳನ್ನು ಬಿಲದೊಳಗೆ ನುಗ್ಗಿ ಮರಿಸಹಿತ ತಿನ್ನುವ ಕೇರೆಯನ್ನು ಕೊಂದ ಹಿತ್ತಿಲಲ್ಲಿ ಇಲಿ ಹೆಚ್ಚುತ್ತದೆ. ಇಲಿ ಹೆಚ್ಚಿದೆಡೆಗೆ ನಾಗರ ಬರುತ್ತದೆ.

ಹಾಗಾದರೆ ಮಾಡತಕ್ಕದ್ದೇನು? ನನ್ನ ಅಭಿಪ್ರಾಯದಲ್ಲಿ ಮೊದಲನೆಯ ಕೆಲಸ ನಾಯಿಯನ್ನು ಬಣವಿಯ ಬುಡದಿಂದ ಬಿಚ್ಚಿ ತರುವುದು. ಬಣವಿಗೆ ಕಳ್ಳರ ಭಯವೆಂದು ಹಿಂದಿನವರು ಅಲ್ಲಿ ಕಟ್ಟುತ್ತಿದ್ದರೋ ಏನೋ. ಇಂದು ಕಣಕಿ ಕದಿಯುವ ಕಳ್ಳನಿಗಿಂತ ಅದರ ಬುಡದಲ್ಲಿರುವವನ ಭಯ ಹೆಚ್ಚು. ಕಟ್ಟಿದ ನಾಯಿಗೆ ಹಿಂದೆ ಸರಿಯಲು ಎರಡು ಮೊಳ ಸರಪಳಿ ಬಿಟ್ಟರೆ ಬೇರೆ ದಾರಿಯಿಲ್ಲ. ಬಿಚ್ಚಿದ ನಾಯಿ ಹಾವಿನಿಂದ ಹತ್ತು ಹೆಜ್ಜೆ ದೂರ ನಿಂತು ಬೊಗಳಿ ಮನೆಯವರನ್ನು ಎಬ್ಬಿಸಬಲ್ಲದು; ಕಟ್ಟಿದ ನಾಯಿ ಹಾವಿನ ಮೇಲೆ ಬೀಳುತ್ತದೆ, ಇಲ್ಲವೆ ಅದರ ಬಾಯಿಗೆ ಬೀಳುತ್ತದೆ. ಇರುಳಿನಲ್ಲಿ ಬಾಗಿಲು ಹಾಕಿದ ಅಂಗಳದೊಳಗೆ ಅದನ್ನು ಬಿಟ್ಟಿರಬೇಕು. ಕಟ್ಟಲೇಬೇಕೆಂದಿದ್ದರೆ ಮೊಳಕಾಲೆತ್ತರದ ಕಟ್ಟೆಯ ಮೇಲೆ, ನಾಲ್ಕೂ ದಿಕ್ಕಿಗೆ ತೆರವಿರುವ, ದೀಪದ ಬೆಳಕು ಬೀಳುವ ತಾವಿನಲ್ಲಿ ಕಟ್ಟಬೇಕು. ಕಟ್ಟೆಯ ಬದಿಗಳು ಗಾರೆ ಮಾಡಿ ನುಣುಪಾಗಿರಲಿ. ಕಲ್ಲನ್ನು ಹಾಗೆಯೇ ಪೇರಿಸಿ ಕಟ್ಟಿದ ಕಟ್ಟೆ ಹಾವಿಗೆ ಮತ್ತೊಂದು ಮನೆಯಾದೀತು.

ಎರಡನೆಯದು ಊಟದ ಹೊತ್ತು. ನಮ್ಮ ಹಳ್ಳಿಗಳಲ್ಲಿ ನಾಯಿಗೆ ರೊಟ್ಟಿ ಹಾಕುವುದು ಎಲ್ಲರ ಊಟವಾದ ಮೇಲೆ, ರಾತ್ರಿ. ಅದು ತಿಂದು ಬಿಟ್ಟ ಚೂರಿಗೆ, ಚೆಲ್ಲಿದ ನುಚ್ಚಿಗೆ ಇಲಿ ಬರುತ್ತದೆ. ಇಲಿಯ ವಾಸನೆಯನ್ನು ನಾಲಿಗೆಯ ತುದಿಯಿಂದ ಆಯ್ದುಕೊಂಡು ಹಾವು ಬರುತ್ತದೆ. ಬೆಳಕಿರುವಾಗಲೇ ಉಣಿಸಿ ತಾಟನ್ನು ತೊಳೆದು ಮೊಗುಚಿ ಇಟ್ಟರೆ ಈ ಸರಪಳಿ ಮೊದಲ ಕೊಂಡಿಯಲ್ಲೇ ಕಡಿಯುತ್ತದೆ. ಕೋಳಿಗೆ ಚೆಲ್ಲಿದ ಕಾಳಿಗೂ ಇದೇ ಮಾತು ಸಲ್ಲುತ್ತದೆ. ಕುಡಿಯುವ ನೀರಿನ ಬಾನಿಯ ಸುತ್ತ ಕೆಸರಾಗದಂತೆ ಮರಳು ಹಾಕಬೇಕು, ಕೆಸರಿದ್ದಲ್ಲಿ ಕಪ್ಪೆ.

ಬಣವಿಯನ್ನು ಬೇಡವೆನ್ನಲಾಗದು, ಎತ್ತು ಎಮ್ಮೆಗಳಿಗೆ ಮೇವಿಲ್ಲದೆ ನಡೆಯದು. ಆದರೆ ಅದನ್ನು ಮನೆಯ ಗೋಡೆಗೂ ಗೂಡಿಗೂ ಸಾಕಷ್ಟು ದೂರ ಒಟ್ಟಬೇಕು. ನೆಲದ ಮೇಲೆ ನೇರವಾಗಿ ಒಟ್ಟದೆ, ಒತ್ತಾಗಿ ಹಾಸಿದ ಕಲ್ಲಿನ ಹಾಸಿನ ಮೇಲೆ ಒಟ್ಟಿದರೆ ಹೆಗ್ಗಣ ಅಡಿಯಿಂದ ತೋಡಲಾರದು. ಸುತ್ತಲೂ ಒಂದು ಮಾರು ಅಗಲ ಹುಲ್ಲು ಕಸ ಕೆತ್ತಿ ಬರಿನೆಲವಾಗಿ ಇಡುವುದು ಇನ್ನೂ ಮುಖ್ಯ. ಬೆಳಕಿನ ಬರಿನೆಲವನ್ನು ದಾಟಲು ಇಲಿಯೂ ಹಾವೂ ಹಿಂಜರಿಯುತ್ತವೆ. ಹದ್ದು, ಗೂಗೆ, ಮುಂಗುಸಿಗಳ ಅಂಜಿಕೆ ಅವುಗಳಿಗೆ ರಕ್ತಗತವಾಗಿದೆ. ಕುಳ್ಳು ಕಟ್ಟಿಗೆಗಳನ್ನು ನೆಲದಿಂದ ಮೊಳವೆತ್ತರಕ್ಕೆ ಅಟ್ಟಣೆ ಹಾಕಿ ಅದರ ಮೇಲೆ ಒಟ್ಟಬಹುದು. ಗೋಡೆಯ ಬುಡದ ಬಿಲಗಳನ್ನು ಗಾಜಿನ ಚೂರು ಬೆರೆಸಿದ ಗಾರೆಯಿಂದ ಮುಚ್ಚುವ ಹಳೆಯ ಪದ್ಧತಿ ಒಳ್ಳೆಯದೇ. ಆದರೆ ಹಾವು ಒಳಗಿರುವಾಗ ಮುಚ್ಚಿದರೆ ಅದು ಮನೆಯ ಕಡೆಗೆ ದಾರಿ ಮಾಡಿಕೊಂಡೀತು. ಬಿಲದ ಬಾಯಿಗೆ ಸಂಜೆ ಬೂದಿ ಉದುರಿಸಿ, ಎರಡು ಮೂರು ಬೆಳಗು ನೋಡಿ, ಗುರುತು ಮೂಡದಿದ್ದ ಮೇಲೆ ಮುಚ್ಚುವುದು ಜಾಣತನ.

ಕೋಳಿಯ ಗೂಡಿಗೆ ಮಾತ್ರ ಬಲೆ ಬೇಕು. ಕಾಲು ಅಂಗುಲಕ್ಕಿಂತ ದೊಡ್ಡ ಕಣ್ಣಿಲ್ಲದ ಕಬ್ಬಿಣದ ಜಾಳಿಗೆಯನ್ನು ನೆಲದೊಳಕ್ಕೆ ಅರ್ಧ ಅಡಿ ಹೂತು ಸುತ್ತಲೂ ಬಿಗಿದರೆ ಮರಿಹಾವು ಸಹ ತೂರಲಾರದು. ಬಾಗಿಲ ಕೆಳಗಿನ ಸಂದು ಕಿರುಬೆರಳು ಹಿಡಿಸುವಷ್ಟಿದ್ದರೂ ಈ ಖರ್ಚೆಲ್ಲ ವ್ಯರ್ಥ. ಮೀನಿನ ಬಲೆಯಂತಹ ನೈಲಾನ್ ಬಲೆಯನ್ನು ಕಟ್ಟುವುದು ಬೇಡ. ಹಾವು ಅದರಲ್ಲಿ ಸಿಕ್ಕಿಕೊಂಡು, ಹುರುಪೆ ಹಿಂದಕ್ಕೆ ಬರಲು ಬಿಡದೆ, ದಿನಗಟ್ಟಲೆ ಒದ್ದಾಡಿ ಸಾಯುತ್ತದೆ. ಒದ್ದಾಡುತ್ತಿರುವ ಹಾವಿನ ಹತ್ತಿರಕ್ಕೆ ಮೂತಿ ಚಾಚುವುದು ಮತ್ತೆ ನಾಯಿಯೇ. ಮೊಟ್ಟೆಗಳನ್ನು ಸಂಜೆಯೊಳಗೆ ಎತ್ತಿ ಒಳಗಿಡುವ ಹೆಂಗಸರ ರೂಢಿಗೆ ಯಾವ ವಿಜ್ಞಾನಿಯೂ ಹೊಸದಾಗಿ ಸೇರಿಸಬೇಕಾದುದೇನೂ ಇಲ್ಲ.

ಈ ವಿಷಯದಲ್ಲಿ ನನಗೆ ಕುರುಬರ ಹಟ್ಟಿ ಬಹಳ ಸೋಜಿಗದ ವಸ್ತುವಾಗಿ ಕಂಡಿದೆ. ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ತರುಬುವ ಅವರು ಹಾವಿನ ನಡುವೆಯೇ ಬಯಲಿನಲ್ಲಿ ಮಲಗುತ್ತಾರೆ. ಅವರ ನಾಯಿಗಳಿಗೆ ಗೋಡೆಯಿಲ್ಲ, ಗೂಡಿಲ್ಲ, ಸರಪಳಿಯೂ ಇಲ್ಲ. ಆದರೆ ಅವರ ಹಟ್ಟಿ ಒಂದೆಡೆ ಹೆಚ್ಚು ದಿನ ನಿಲ್ಲದು. ಇಲಿ ಬಂದು ಬಿಲ ತೋಡುವುದಕ್ಕೆ ಬೇಕಾದಷ್ಟು ವೇಳೆಯನ್ನು ಅವರು ಕೊಡುವುದಿಲ್ಲ. ಒಟ್ಟಿಡಲು ಕಾಳಿಲ್ಲ, ಪೇರಿಸಲು ಕಟ್ಟಿಗೆಯಿಲ್ಲ. ನೂರಾರು ಗೊರಸುಗಳು ತುಳಿದ ನೆಲ ಬಯಲಾಗಿ ಕಾಣುತ್ತದೆ. ಹಾವಿಗೆ ಅಲ್ಲಿ ಕೆಲಸವೇನು? ನಾವು ಮನೆ ಬಿಟ್ಟು ಹಟ್ಟಿ ಹೂಡಬೇಕಾಗಿಲ್ಲ; ಕಟ್ಟಿಗೆಯ ಒಟ್ಟಿಲನ್ನಾದರೂ ತಿಂಗಳಿಗೊಮ್ಮೆ ಕದಲಿಸಬಹುದು.

ಇಷ್ಟೆಲ್ಲ ಮಾಡಿದರೂ ಕಡಿತ ಆಗಿಯೇಹೋಯಿತೆನ್ನಿ. ನಾಯಿಯ ಮೂತಿ ಗಳಿಗೆಯೊಳಗೆ ಬಾತು ರಕ್ತ ಜಿನುಗಿದರೆ ಮಂಡಲದ ಹಾವೆಂದೂ, ಜೊಲ್ಲು ಸುರಿದು ಹಿಂಗಾಲು ತತ್ತರಿಸಿ ರೆಪ್ಪೆ ಜೋತರೆ ನಾಗರ ಅಥವಾ ಕಟ್ಟುಹಾವೆಂದೂ ಊಹಿಸಬಹುದು. ಆದರೆ ಊಹಿಸುತ್ತ ಕೂಡ್ರಬಾರದು. ಗಾಯವನ್ನು ಕೊಯ್ಯುವುದು, ಹೀರುವುದು, ಕಾಲಿಗೆ ಬಿಗಿಯಾಗಿ ಹುರಿ ಕಟ್ಟುವುದು, ಮಜ್ಜಿಗೆ ಕುಡಿಸುವುದು ಇವೆಲ್ಲ ಕಾಲಹರಣ; ಕೆಲವು ಅಪಾಯಕರ. ಮನುಷ್ಯರಿಗೆ ಬೇವಿನ ಸೊಪ್ಪು ತಿನ್ನಿಸಿ ಕಹಿಯಾಯಿತೇ ಎಂದು ಕೇಳುವ ಪರೀಕ್ಷೆಯಂತೂ ನಾಯಿಯ ಮುಂದೆ ನಡೆಯದು. ಅದನ್ನು ನಡೆಸದೆ, ಓಡಿಸದೆ, ಗೋಣಿತಟ್ಟಿನ ಮೇಲೆ ಎತ್ತಿ ಪಶುವೈದ್ಯರಲ್ಲಿಗೆ ಒಯ್ಯಬೇಕು. ಹೊರಡುವ ಮೊದಲು ಫೋನು ಮಾಡಿ ಮದ್ದು ಅಲ್ಲಿದೆಯೇ ಎಂದು ಕೇಳಿಕೊಳ್ಳಬೇಕು. ಮದ್ದು ಒಂದೇ. ಕುದುರೆಗೆ ಸ್ವಲ್ಪಸ್ವಲ್ಪವಾಗಿ ವಿಷ ಕೊಟ್ಟು ಅದರ ರಕ್ತದಿಂದ ತಯಾರಿಸುವ, ಮೇಲೆ ಹೇಳಿದ ನಾಲ್ಕೂ ಹಾವುಗಳಿಗೆ ಸಲ್ಲುವ ಪ್ರತಿವಿಷ. ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ ೧೮೯೦ರ ದಶಕದಲ್ಲಿ ತೋರಿಸಿಕೊಟ್ಟ ದಾರಿಯೇ ಇಂದಿಗೂ ನಡೆದಿದೆ. ಅದಕ್ಕೆ ಬೇಕಾದ ವಿಷವನ್ನು ನಮ್ಮ ದೇಶದಲ್ಲಿ ಬಹುಪಾಲು ಒದಗಿಸುತ್ತ ಬಂದಿರುವುದು ತಮಿಳುನಾಡಿನಲ್ಲಿ ೧೯೭೮ರಲ್ಲಿ ಸ್ಥಾಪನೆಯಾದ ಇರುಳರ ಸಹಕಾರ ಸಂಘ. ನಾಯಿಗೂ ಮನುಷ್ಯನಿಗೂ ಇದೇ ಸೀಸೆ. ನಾಯಿ ಚಿಕ್ಕದೆಂದು ಮದ್ದು ಕಡಿಮೆ ಸಾಕೆಂಬ ಲೆಕ್ಕ ಇಲ್ಲಿ ನಡೆಯದು. ಹಾವು ನಾಯಿಯ ತೂಕ ನೋಡಿ ವಿಷ ಬಿಡುವುದಿಲ್ಲವಷ್ಟೆ. ಆದ್ದರಿಂದ ಖರ್ಚು ಬಡವನ ಕೈಗೆ ಮೀರಿದ್ದು. ಮೂರು ನಾಲ್ಕು ಸೀಸೆಯ ಬೆಲೆಯನ್ನು ಕೇಳಿ, ನಾಯಿಯನ್ನು ಹಾಗೆಯೇ ಎತ್ತಿಕೊಂಡು ಮನೆಗೆ ಮರಳಿದವರ ಮುಖವನ್ನು ನೋಡಿದವರಿಗೆ ಕಟ್ಟೆ, ಜಾಳಿಗೆ, ಗಾರೆಗಳ ಖರ್ಚು ಎಷ್ಟು ಅಗ್ಗವೆಂಬುದು ತಿಳಿಯುತ್ತದೆ.

ಮನುಷ್ಯರ ಲೆಕ್ಕ ಇನ್ನೂ ಘೋರವಾದುದು. ೨೦೦೦ದಿಂದ ೨೦೧೯ರ ವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ವರ್ಷಕ್ಕೆ ಸರಾಸರಿ ೫೮,೦೦೦ ಜನ ಹಾವು ಕಡಿದು ಸತ್ತರೆಂದು ೨೦೨೦ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಹೆಚ್ಚಿನವರು ಹಳ್ಳಿಗರು, ಹೆಚ್ಚಿನ ಸಾವುಗಳು ಮಳೆಗಾಲದವು. ಕರ್ನಾಟಕ ಸರಕಾರವು ೨೦೨೪ರಲ್ಲಿ ಹಾವು ಕಡಿತದ ಪ್ರತಿಯೊಂದು ಪ್ರಸಂಗವನ್ನೂ ಆಸ್ಪತ್ರೆಗಳು ತಪ್ಪದೆ ವರದಿ ಮಾಡಬೇಕೆಂದು ವಿಧಿಸಿತು. ನಾಯಿ ಬೆಕ್ಕುಗಳು ಈ ಪಟ್ಟಿಗೆ ಸೇರವು. ಆದರೆ ಒಂದು ಓಣಿಯಲ್ಲಿ ಮಳೆಗಾಲದ ಮೊದಲ ತಿಂಗಳಲ್ಲಿ ನಾಯಿ ಸತ್ತಿದ್ದರೆ ಆ ಓಣಿಯವರು ಮಂಚದ ಮೇಲೆ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿಗೆ ಸೇರಿಸಿ ಮಲಗತಕ್ಕದ್ದು.

ಹಾವನ್ನು ಪೂಜಿಸುವವರೂ ನಾವೇ, ಬಡಿಯುವವರೂ ನಾವೇ. ಹೊಳೆಆಲೂರಿನಿಂದ ರೈಲಿನಲ್ಲಿ ಬಾದಾಮಿಗೆ ಹೋಗಿ ಮೊದಲನೆಯ ಗುಹೆಯ ಮಂಟಪದಲ್ಲಿ ತಲೆಯೆತ್ತಿ ನೋಡಿದರೆ ಚಾಲುಕ್ಯರ ಶಿಲ್ಪಿ ಕಡೆದ ನಾಗರಾಜ ಸುರುಳಿಯ ಮೇಲೆ ಸುರುಳಿ ಸುತ್ತಿಕೊಂಡು ನೆಮ್ಮದಿಯಿಂದ ಕುಳಿತಿದ್ದಾನೆ. ಶ್ರಾವಣದ ಪಂಚಮಿಗೆ ಊರಿಗೆ ಊರೇ ಉಂಡಿ ಕಟ್ಟಿ, ಜೋಕಾಲಿ ಜೀಕಿ, ಕಲ್ಲಿನ ನಾಗಪ್ಪನಿಗೆ ಹಾಲೆರೆಯುತ್ತದೆ. ಕಲ್ಲಿನ ಹಾವಿಗೂ ಜೀವದ ಹಾವಿಗೂ ನಾವು ಮಾಡುವ ಭೇದವನ್ನು ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿಯೇ ಎತ್ತಿ ಆಡಿದ್ದಾರೆ; ಆ ವಚನ ಬಾರದ ಮಗು ಈ ಸೀಮೆಯಲ್ಲಿ ಇರಲಾರದು. ಹಾಲು ಹಾವಿನ ಆಹಾರವಲ್ಲವೆಂಬುದೂ ಈಗ ಎಲ್ಲರಿಗೆ ತಿಳಿದಿದೆ. ೧೯೭೨ರ ವನ್ಯಜೀವಿ ಸಂರಕ್ಷಣೆಯ ಕಾಯಿದೆಯ ಪ್ರಕಾರ ಹಾವನ್ನು ಕೊಲ್ಲುವುದು ಅಪರಾಧ. ಕಾಯಿದೆಯ ಮಾತು ಹಾಗಿರಲಿ, ಕೋಲು ಹಿಡಿದು ಹಾವಿನ ಬೆನ್ನುಹತ್ತುವುದೇ ಕಡಿತಕ್ಕೆ ರಾಜಮಾರ್ಗ. ಹಾವು ಹಿತ್ತಿಲಲ್ಲಿ ಕಂಡರೆ ನಾಯಿಯನ್ನು ಹೆಸರು ಹಿಡಿದು ಕರೆದು ಒಳಗೆ ಕೂಡಿ, ಮಕ್ಕಳನ್ನು ದೂರವಿರಿಸಿ, ಹಾವಿಗೆ ಒಂದು ಕಡೆ ದಾರಿ ಬಿಟ್ಟು ನಿಲ್ಲಬೇಕು. ಅದು ಹೋಗದೆ ಮನ ಮಾಡಿ ಕುಳಿತರೆ ಅರಣ್ಯ ಇಲಾಖೆಯವರನ್ನೋ ಹಾವು ಹಿಡಿಯಲು ಬಲ್ಲವರನ್ನೋ ಕರೆಸಬೇಕು. ಕರೆದೊಡನೆ ಹಾವನ್ನು ಬಿಟ್ಟು ಬರುವಂತೆ ನಾಯಿಗೆ ಮರಿಯಿದ್ದಾಗಲೇ ಕಲಿಸುವುದು ಪಟ್ಟಣದವರ ಶೋಕಿಯೆಂದು ಹಳ್ಳಿಯಲ್ಲಿ ನಗಬಹುದು. ನಕ್ಕವರೂ ಕಲಿಸಲಿ.

ಇನ್ನೊಂದು ದಿನದ ಮಾತು ಉಳಿಯಿತು. ಬಣವಿಯಿಂದ ದಿನಾಲು ಸಿವುಡು ಎಳೆಯುತ್ತ ಎಳೆಯುತ್ತ ಮಳೆಗಾಲದ ಹೊತ್ತಿಗೆ ಅದು ಬುಡಕ್ಕೆ ಬರುತ್ತದೆ. ಕೊನೆಯ ಸಾಲಿನ ಸಿವುಡುಗಳನ್ನು ಎತ್ತುವ ಆ ದಿನದಷ್ಟು ಅಪಾಯದ ದಿನ ಹಿತ್ತಿಲಿಗೆ ವರ್ಷದಲ್ಲಿ ಮತ್ತೊಂದಿಲ್ಲ. ತಿಂಗಳುಗಟ್ಟಲೆ ಅಡಗಿದ್ದ ಇಲಿಗಳು ಒಮ್ಮೆಲೆ ಚದರುತ್ತವೆ, ಅವುಗಳ ಬೆನ್ನಿಗೆ ನಾಯಿಗಳು ನುಗ್ಗುತ್ತವೆ, ನಾಯಿಗಳ ಬೆನ್ನಿಗೆ ಹುಡುಗರು ಕೇಕೆ ಹಾಕುತ್ತ ಓಡುತ್ತಾರೆ. ಆ ದಿನ ಹೊತ್ತು ಏರಿದ ಮೇಲೆ ಕೆಲಸಕ್ಕೆ ಕೈಹಚ್ಚಬೇಕು. ಕಾಲಿಗೆ ಮೆಟ್ಟು, ಕೈಯಲ್ಲಿ ಉದ್ದ ಕಾವಿನ ಜಂತಿಕುಂಟೆ ಇರಬೇಕು. ಸಿವುಡನ್ನು ಬರಿಗೈಯಿಂದ ಅಪ್ಪಿ ಎತ್ತದೆ, ಮೊದಲು ಕುಂಟೆಯಿಂದ ತನ್ನ ಕಡೆಗೆ ಹೊರಳಿಸಿ, ಅಡಿಯಲ್ಲಿ ಏನಿದೆಯೆಂದು ನೋಡಿ ಎತ್ತಬೇಕು. ಬಣವಿಯ ಒಂದು ಮಗ್ಗುಲನ್ನು, ಹೊಲದ ಕಡೆಗಿರುವ ಮಗ್ಗುಲನ್ನು, ಜನರಿಲ್ಲದೆ ತೆರವಾಗಿ ಬಿಟ್ಟಿರಬೇಕು. ನಾಯಿ ಆ ಹೊತ್ತಿನಲ್ಲಿ ಪಡಸಾಲೆಯ ಒಳಗೆ, ಬಾಗಿಲು ಮುಚ್ಚಿಕೊಂಡು, ಎಷ್ಟು ಬೊಗಳಿದರೂ ಬೊಗಳಲಿ.